ನೆಲ ಕುದಿಯುವ ಊರು

ಫ್ರೀಮ್ಯಾಂಟಲ್ ಬಂದರು, ಆಸ್ಟ್ರೇಲಿಯಾ
೧೧ ಮಾರ್ಚ್ ೧೯೫೨

ಅಕ್ಕಾ,

ಸಿದ್ದಾಪುರದಲ್ಲಿ ನಾನು ಬಸ್ ಹತ್ತೋವಾಗ ನೀನು ನನ್ನ ಮುಖ ನೋಡಲಿಲ್ಲ. ಬುತ್ತಿ ಗಂಟನ್ನು ಕಿಟಕಿಯೊಳಗೆ ತುರುಕಿ ಆ ಕಡೆ ತಿರುಗಿಕೊಂಡೆ. ‘ಗಂಡ ಸತ್ತವಳು ಅಕ್ಕನ ಮನೇಲಿ ಮರ್ಯಾದೆಯಾಗಿ ಇರೋದು ಬಿಟ್ಟು, ದೊರೆಸಾನಿ ಮಗೂನ ಎತ್ಕೊಂಡು ಸಮುದ್ರ ದಾಟ್ತಾಳಂತೆ’ ಅಂತ ನೀನು ಹಿಂದಿನ ದಿನ ಅಂದದ್ದು ಕೊಲಂಬೊವರೆಗೂ ಕಿವಿಯಲ್ಲೇ ಇತ್ತು. ಆಮೇಲೆ ಇಲ್ಲ. ಆಮೇಲೆ ಕಿವಿ ತುಂಬ ಸಮುದ್ರವೇ.

ಎಸ್ಟೇಟ್ ಮಾರಿದ ಮೇಲೆ ದೊರೆಗಳಿಗೆ ಕೊಡಗಿನಲ್ಲಿ ಏನೂ ಉಳಿದಿರಲಿಲ್ಲ. ಎಮಿಲಿ ಮಾತ್ರ ನನ್ನ ಸೆರಗು ಬಿಡಲೊಲ್ಲದು. ಹುಟ್ಟಿದಾಗಿನಿಂದ ನಾನೇ ಎತ್ತಿ ಆಡಿಸಿದ ಮಗು, ನಾನೇನು ಮಾಡಲಿ? ನ್ಯೂಜಿಲೆಂಡಿನಲ್ಲಿ ಅವರು ಹೊಸ ಮನೆ ಹೂಡಿ, ಮಗು ಸ್ಕೂಲಿಗೆ ಹೋಗೋವರೆಗೆ ನಾನಿರಬೇಕು. ವಾಪಸ್ಸು ಕಳಿಸೋದು ಅವರ ಜವಾಬ್ದಾರಿ.

ಅಕ್ಕಾ, ದಡವೇ ಇಲ್ಲದ ನೀರನ್ನು ಹೇಗೆ ಬರೆದು ತಿಳಿಸಲಿ? ಬೆಳಿಗ್ಗೆ ಎದ್ದರೆ ನೀರು, ಊಟ ಮುಗಿಸಿ ಬಂದರೆ ಅದೇ ನೀರು. ಹಡಗು ನಿಂತಲ್ಲೇ ನಿಂತಿದೆಯೇನೋ ಅನ್ನಿಸೋದು. ಒಂದು ದಿನ ನೀರೊಳಗಿಂದ ಮೀನಿನ ಹಿಂಡು ಎದ್ದು, ಗುಬ್ಬಚ್ಚಿಗಳ ಹಾಗೆ ಹಾರಿ, ದೂರ ಹೋಗಿ ಬಿತ್ತು. ನಾನು ಕೂಗಿಬಿಟ್ಟೆ.

ನಿನ್ನೆ ಇಲ್ಲಿ ಇಳಿದು ಪರ್ತ್ ಅನ್ನೋ ಪಟ್ಟಣಕ್ಕೆ ಹೋದೆವು. ಅಲ್ಲೊಂದು ಹೊಳೆ. ಹೊಳೆ ತುಂಬ ಹಂಸಗಳು. ಎಲ್ಲಾ ಕಪ್ಪು! ಕಾಡಿಗೆಯಷ್ಟು ಕಪ್ಪು, ಕೊಕ್ಕು ಮಾತ್ರ ಕುಂಕುಮದ ಕೆಂಪು. ಒಂದು ನನ್ನ ಹತ್ತಿರಕ್ಕೇ ಬಂದು ಕುತ್ತಿಗೆ ಬಾಗಿಸಿ ನಿಂತಿತು. ಎಮಿಲಿ ‘ಕಾಳಿ, ಅದು ನಿನ್ನ ಹಾಗೇ ಇದೆ’ ಅಂದಳು. ನನಗೆ ಸಂತೋಷವೇ ಆಯಿತು ಕಣಕ್ಕಾ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ
ಕಾಳಮ್ಮ


ನೆಲ್ಯಹುದಿಕೇರಿ
೨೦ ಏಪ್ರಿಲ್ ೧೯೫೨

ಚಿರಂಜೀವಿ ಕಾಳಿಗೆ,

ಕಾಗದ ಬಂತು. ನಾವೆಲ್ಲ ಚೆನ್ನಾಗಿದ್ದೀವಿ.

ಹಂಸ ಅಂದರೆ ಬಿಳಿ. ನೀನು ನೋಡಿದ್ದು ನೀರುಕಾಗೆ ಇರಬೇಕು. ಓದಿ ಹೇಳಿದರೆ ನಿಮ್ಮ ಭಾವ ‘ನಿನ್ನ ತಂಗಿ ಪುರಾಣ ಬರೆಯೋಕೆ ಶುರು ಮಾಡಿದಳು’ ಅಂತ ನಕ್ಕರು. ಅಪ್ಪ ಮರಳಿನ ಮೇಲೆ ಬೆರಳು ಹಿಡಿದು ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಸುಳ್ಳು ಬರೆಯೋದಕ್ಕಲ್ಲ.

ಊಟದ ವಿಷಯ ಒಂದು ಸಾಲೂ ಬರೆದಿಲ್ಲ. ಅನ್ನ ಹಾಕ್ತಾರಾ? ಮಲಗೋದಕ್ಕೆ ಎಲ್ಲಿ? ದೊರೆಸಾನಿ ಇಲ್ಲಿದ್ದ ಹಾಗೇ ಇದ್ದಾರಾ, ಅವರ ದೇಶದವರ ಮಧ್ಯೆ ಹೋದ ಮೇಲೆ ದನಿ ಬದಲಾಯ್ತಾ? ಹಾರೋ ಮೀನಿನ ಸುದ್ದಿ ಆಮೇಲಿರಲಿ, ಇದಕ್ಕೆ ಉತ್ತರ ಬರಿ.

ಕಾಫಿ ಹೂವಾಯ್ತು. ಈ ಸಲ ಮಳೆ ಹೊತ್ತಿಗೆ ಸರಿಯಾಗಿ ಬಂತು.

ಇಂತಿ
ನಿಂಗಮ್ಮ


ರೊಟೊರುವಾ ಹತ್ತಿರ, ನ್ಯೂಜಿಲೆಂಡ್
೨೫ ಮೇ ೧೯೫೨

ಅಕ್ಕಾ,

ಅನ್ನ ಹಾಕ್ತಾರೆ. ಅಕ್ಕಿ ಸಿಗೋದು ಕಷ್ಟ, ಆಲೂಗೆಡ್ಡೆ ಜಾಸ್ತಿ. ಮಲಗೋಕೆ ನನಗೇ ಒಂದು ಕೋಣೆ, ಕಿಟಕಿ ಪೂರ್ವಕ್ಕೆ. ದೊರೆಸಾನಿ ದನಿ ಹಾಗೇ ಇದೆ. ಆಯ್ತಾ? ಇನ್ನು ನನ್ನ ಪುರಾಣ ಕೇಳು.

ಮೆಲ್ಬೋರ್ನ್‌ನಲ್ಲಿ ಹಡಗು ನಿಂತಾಗ ದೊರೆಸಾನಿಯ ಅಣ್ಣ ನಮ್ಮನ್ನು ಒಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಸಂಜೆ ಮರಳಿನ ಮೇಲೆ ಕೂತಿದ್ದೆವು, ತಡೆಯಲಾಗದ ಚಳಿ. ಸೂರ್ಯ ಮುಳುಗಿದ ಕೂಡಲೆ ಅಲೆಯೊಳಗಿಂದ ಒಂದು ಪುಟ್ಟ ಹಕ್ಕಿ ಎದ್ದು ನಿಂತಿತು. ಮೊಣಕಾಲಿಗೂ ಬರೋದಿಲ್ಲ, ಹೊಟ್ಟೆ ಬಿಳಿ, ಬೆನ್ನು ನೀಲಿ. ಹಾರೋದಿಲ್ಲ, ಮನುಷ್ಯರ ಹಾಗೆ ನೆಟ್ಟಗೆ ನಡೆಯುತ್ತೆ. ಆ ಕಡೆ ಈ ಕಡೆ ನೋಡಿ ವಾಪಸ್ಸು ನೀರಿಗೆ ಓಡಿತು. ಮತ್ತೆ ಬಂತು, ಈಗ ಜೊತೆಗೆ ಒಂದು ಗುಂಪು. ಕೂಲಿ ಮುಗಿಸಿ ಎಸ್ಟೇಟಿನ ಲೈನ್‌ಮನೆಗೆ ವಾಪಸ್ಸಾಗೋ ಹೆಂಗಸರ ಹಾಗೆ ಸಾಲಾಗಿ, ಒಂದರ ಜೊತೆ ಒಂದು ಗಲಾಟೆ ಮಾಡ್ತಾ, ನಮ್ಮ ಕಾಲಿನ ಪಕ್ಕದಲ್ಲೇ ಹಾದು ಹೋದವು. ಪ್ರತಿಯೊಂದಕ್ಕೂ ದಿಬ್ಬದಲ್ಲಿ ಅದರದೇ ಬಿಲ ಇದೆಯಂತೆ. ಇಡೀ ದಿನ ಸಮುದ್ರದಲ್ಲಿ ಅಲೆದು ಸಂಜೆ ಅದೇ ಬಿಲಕ್ಕೆ ಬರುತ್ತವಂತೆ. ಪೆಂಗ್ವಿನ್ ಅಂತ ಅದರ ಹೆಸರು.

ಈಗ ನಾವಿರೋ ಊರಿನ ಸುದ್ದಿ. ಇಲ್ಲಿ ನೆಲವೇ ಕುದಿಯುತ್ತೆ. ನಂಬಬೇಡ, ಆದರೆ ಓದು. ರಸ್ತೆ ಪಕ್ಕದ ಚರಂಡಿಯಿಂದ ಹಬೆ ಏಳುತ್ತೆ. ಊರಿನ ಅಂಚಿಗೆ ಕೆಸರಿನ ಹೊಂಡಗಳಿವೆ. ರಾಗಿ ಮುದ್ದೆಗೆ ಎಸರು ಕುದಿಯೋ ಹಾಗೆ ಬೊಳ್ ಬೊಳ್ ಅಂತಾ ಇರುತ್ತವೆ. ಒಂದು ಕಡೆ ಬಂಡೆಯ ಸಂದಿಯಿಂದ ನೀರು ಇದ್ದಕ್ಕಿದ್ದ ಹಾಗೆ ತೆಂಗಿನ ಮರಕ್ಕಿಂತ ಎತ್ತರ ಚಿಮ್ಮುತ್ತೆ. ಸ್ವಲ್ಪ ಹೊತ್ತು ನಿಂತು, ಏನೂ ಆಗದವರ ಹಾಗೆ ಒಳಗೆ ಹೋಗಿಬಿಡುತ್ತೆ. ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ. ಒಂದು ವಾರ ಮೂಗು ಮುಚ್ಚಿಕೊಂಡಿದ್ದೆ, ಈಗ ಅದಿಲ್ಲದಿದ್ದರೆ ಏನೋ ಕಳೆದ ಹಾಗೆ.

ಇದು ಮಾವೋರಿ ಜನರ ನೆಲ. ನಮ್ಮ ಪಕ್ಕದಲ್ಲಿ ಹೇನಿ ಅಂತ ಒಬ್ಬ ಅಜ್ಜಿ ಇದ್ದಾಳೆ. ಗಲ್ಲದ ಮೇಲೆ ಹಚ್ಚೆ. ಬಂದವರಿಗೆ ಉಳಿಯೋಕೆ ಕೋಣೆ ಕೊಡೋ ಸಣ್ಣ ಮನೆ ನಡೆಸ್ತಾಳೆ. ಮೊದಲನೇ ದಿನ ನನ್ನ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಸುಮ್ಮನೆ ನಿಂತಳು. ಅದು ಅವರ ನಮಸ್ಕಾರ. ಗೆಣಸನ್ನು ನಾರಿನ ಬುಟ್ಟಿಗೆ ತುಂಬಿ ಬಿಸಿನೀರಿನ ಗುಂಡಿಗೆ ಇಳಿಬಿಟ್ಟಳು. ಸೌದೆ ಇಲ್ಲ, ಒಲೆ ಇಲ್ಲ. ಮಾತಾಡ್ತಾ ಇರೋವಾಗಲೇ ಬೆಂದಿತ್ತು. ಅದೇ ನಮ್ಮ ಗೆಣಸಿನ ರುಚಿ ಅಕ್ಕಾ!

ಕಾಳಿ


ನೆಲ್ಯಹುದಿಕೇರಿ
೨ ಜುಲೈ ೧೯೫೨

ಕಾಳಿ,

ಹೊಳೆ ತುಂಬಿದೆ. ದೋಣಿ ನಿಲ್ಲಿಸಿದ್ದಾರೆ, ಟಪಾಲು ತಡವಾಯ್ತು.

ಒಂದು ಮಾತು ಕೇಳ್ತೀನಿ, ನಿಜ ಹೇಳು. ನಿನಗೆ ಅಲ್ಲಿ ಏನೋ ಕಷ್ಟ ಇದೆ. ಅದನ್ನು ಮುಚ್ಚೋಕೆ ಹೀಗೆಲ್ಲ ಬರೀತೀಯ. ಚಿಕ್ಕವಳಿದ್ದಾಗ ಜ್ವರ ಬಂದರೂ ಹೀಗೇ ಮಾಡ್ತಿದ್ದೆ, ಗೋಡೆ ಮೇಲೆ ಆನೆ ನಡೀತಿದೆ ನೋಡು ಅಂತ. ಸೌದೆ ಇಲ್ಲದೆ ಬೇಯಿಸ್ತಾರೆ ಅಂದರೆ ಅವರ ಮನೇಲಿ ಸೌದೆಗೂ ಗತಿ ಇಲ್ಲ ಅಂತಲೇ ನನಗೆ ಅರ್ಥವಾಗೋದು. ವಾಪಸ್ಸು ಬರಬೇಕು ಅನ್ನಿಸಿದರೆ ಬಂದುಬಿಡು. ಆವತ್ತು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆ ನಡೆಯೋ ಹಕ್ಕಿಗಳಿಗೆ ಕತ್ತಲಲ್ಲಿ ಅವುಗಳ ಬಿಲವೇ ಅಂತ ಹೇಗೆ ಗೊತ್ತಾಗುತ್ತೆ? ನಿಮ್ಮ ಭಾವ ಕೇಳು ಅಂದರು. ನನಗೇನೂ ಬೇಕಿಲ್ಲ.

ನಿಂಗಮ್ಮ


ರೊಟೊರುವಾ ಹತ್ತಿರ
೨೪ ಆಗಸ್ಟ್ ೧೯೫೨

ಅಕ್ಕಾ,

ಭಾವನಿಗೆ ಹೇಳು: ದನಿಯಿಂದಂತೆ. ಬಿಲದಲ್ಲಿರೋದು ಕೂಗುತ್ತೆ, ಬರೋದು ಆ ದನಿ ಗುರುತು ಹಿಡಿಯುತ್ತೆ.

ನನಗೆ ಇಲ್ಲಿ ಕಷ್ಟ ಇಲ್ಲ ಅಂತ ಹೇಗೆ ನಂಬಿಸಲಿ? ಮೊನ್ನೆ ನೋಡಿದ್ದನ್ನು ಬರೀತೀನಿ, ಆಮೇಲೆ ನಿನ್ನಿಷ್ಟ.

ವೈಟೊಮೊ ಅಂತ ಒಂದು ಕಡೆ ಗುಡ್ಡದ ಒಳಗೆ ಗವಿ ಇದೆ. ಗವಿಯೊಳಗೆ ಹೊಳೆ. ಮಧ್ಯಾಹ್ನ ಬಿಸಿಲಲ್ಲಿ ಒಳಗೆ ಹೋದೆವು. ದೋಣಿ ನಡೆಸೋನು ‘ಮಾತಾಡಬೇಡಿ, ಕೆಮ್ಮಬೇಡಿ’ ಅಂತ ಹೇಳಿ, ಹುಟ್ಟು ಹಾಕದೆ, ಮೇಲಿದ್ದ ತಂತಿ ಹಿಡಿದು ಎಳೆದುಕೊಂಡು ಹೋದ. ಕತ್ತಲು ಅಂದರೆ ನನ್ನ ಕೈ ನನಗೆ ಕಾಣದ ಕತ್ತಲು. ಎಮಿಲಿ ನನ್ನ ಮಡಿಲಲ್ಲಿ ಮುದುರಿಕೊಂಡಳು. ಒಂದು ತಿರುವು ದಾಟಿತು. ತಲೆ ಎತ್ತಿದೆ.

ಆಕಾಶ, ಅಕ್ಕಾ. ಗುಡ್ಡದ ಹೊಟ್ಟೆಯೊಳಗೆ ಆಕಾಶ. ಸಾವಿರ, ಲಕ್ಷ, ನೀಲಿ ಹಸಿರು ಚುಕ್ಕಿಗಳು. ಮಿನುಗೋದಿಲ್ಲ, ಸುಮ್ಮನೆ ಉರಿಯುತ್ತವೆ. ಕೆಳಗೆ ನೀರಿನಲ್ಲೂ ಅಷ್ಟೇ. ಮೇಲೆ ಯಾವುದು ಕೆಳಗೆ ಯಾವುದು ಅನ್ನೋದೇ ಮರೆತುಹೋಯ್ತು. ಹುಳುಗಳಂತೆ ಅವು. ನಮ್ಮ ಮಿಣುಕುಹುಳದ ಹಾಗೆ ಹಾರೋದಿಲ್ಲ, ಚಾವಣಿಗೆ ಅಂಟಿಕೊಂಡು, ಅಂಟಿನ ಎಳೆ ಇಳಿಬಿಟ್ಟು, ಬೆಳಕಿಗೆ ಬರೋ ಸೊಳ್ಳೆ ಹಿಡಿದು ತಿನ್ನುತ್ತವಂತೆ. ಹೊಟ್ಟೆಪಾಡಿಗೆ ಹಚ್ಚಿದ ದೀಪ! ಅದನ್ನು ನೋಡಿ ನನಗೆ ಅಳು ಬಂತು. ದುಃಖದಿಂದಲ್ಲ. ಗಂಡ ಸತ್ತ ಮೇಲೆ ನಾನು ಅತ್ತದ್ದೆಲ್ಲ ದುಃಖಕ್ಕೇ, ಇನ್ನೊಂದು ಥರದ ಅಳು ಇರುತ್ತೆ ಅಂತ ಮರೆತಿದ್ದೆ.

ಬಂದು ಹೇನಿಗೆ ಹೇಳಿದೆ. ಅವಳು ‘ನಿನ್ನ ಊರಿನಲ್ಲಿ ನೋಡಬೇಕಾದ್ದು ಏನಿದೆ?’ ಅಂತ ಕೇಳಿದಳು. ನನ್ನ ಹರಕು ಇಂಗ್ಲಿಷಿನಲ್ಲಿ ಕಾವೇರಿಯ ಸಂಗತಿ ಹೇಳಿದೆ. ಬೆಟ್ಟದ ಮೇಲಿನ ಸಣ್ಣ ಕುಂಡಿಕೆಯಲ್ಲಿ ಹುಟ್ಟುತ್ತಾಳೆ, ತುಲಾ ಸಂಕ್ರಮಣದ ದಿನ ನೀರು ಉಕ್ಕುತ್ತೆ, ಅದನ್ನು ನೋಡೋಕೆ ದೇಶವೇ ಸೇರುತ್ತೆ ಅಂತ. ಹೇನಿ ಬುಟ್ಟಿ ಹೆಣೆಯೋದು ನಿಲ್ಲಿಸಿ ‘ಹೇಗಿರುತ್ತೆ?’ ಅಂದಳು. ನಾನು ನೋಡಿಲ್ಲ ಅಂದೆ. ಹುಟ್ಟಿದಾಗಿನಿಂದ ಆ ಹೊಳೆಯ ನೀರು ಕುಡಿದವಳು, ಅದರ ತವರನ್ನು ನೋಡಿಲ್ಲ. ನೀನೂ ನೋಡಿಲ್ಲ. ಒಂದು ದಿನದ ದಾರಿ ಅಷ್ಟೆ.

ಈ ಸಂಕ್ರಮಣಕ್ಕೆ ಹೋಗಿ ಬಾ ಅಕ್ಕಾ. ಹೋಗಿ ನನಗೆ ಬರಿ. ಹೇನಿಗೆ ಓದಿ ಹೇಳಬೇಕು.

ಎಮಿಲಿ ಒಂದು ಕಡೆ ನಿಲ್ಲೋದಿಲ್ಲ, ಅವಳ ಹಿಂದೆ ಓಡಿ ಓಡಿ ಸಾಕಾಗುತ್ತೆ. ಈಗಲೂ ಕರೀತಿದ್ದಾಳೆ.

ಕಾಳಿ


ನೆಲ್ಯಹುದಿಕೇರಿ
೨೧ ಅಕ್ಟೋಬರ್ ೧೯೫೨

ಕಾಳಿ,

ಹೋಗಿ ಬಂದೆ.

ಕಾವೇರಮ್ಮನ ಹತ್ತಿರ ಹೋಗ್ತೀನಿ ಅಂದರೆ ನಿಮ್ಮ ಭಾವನಿಗೆ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಪಕ್ಕದ ಮನೆ ಬೋಜಮ್ಮ ಜೊತೆಗೆ ಬಂದಳು. ಭಾಗಮಂಡಲದವರೆಗೆ ಬಸ್ಸು, ಅಲ್ಲಿ ಸಂಗಮದಲ್ಲಿ ಮುಳುಗು ಹಾಕಿ ಬೆಟ್ಟ ಹತ್ತಿದೆವು. ಮಂಜು ಎಷ್ಟಿತ್ತು ಅಂದರೆ ಮುಂದೆ ಹೋಗೋ ಬೋಜಮ್ಮನ ಹಿಮ್ಮಡಿ ಮಾತ್ರ ಕಾಣೋದು. ಮೈಸೂರು ಕಡೆಯವರು, ಮಲಯಾಳದವರು, ಕೊಡವರು, ತಮಿಳರು, ಎಲ್ಲರೂ ಅವರವರ ಭಾಷೆಯಲ್ಲಿ ಒಬ್ಬಳನ್ನೇ ಕರೀತಾ ಹತ್ತುತ್ತಿದ್ದರು.

ಕುಂಡಿಕೆ ಎಷ್ಟಿದೆ ಗೊತ್ತಾ? ಮೊಳ ಎರಡು ಮೊಳ ಅಗಲ. ನಮ್ಮ ಹಿತ್ತಲ ಬಾನಿ ಅದಕ್ಕಿಂತ ದೊಡ್ಡದು. ನಾನು ಬೋಜಮ್ಮನಿಗೆ ‘ಇಷ್ಟೇನಾ?’ ಅಂದೆ. ಅವಳು ಸುಮ್ಮನಿರು ಅಂತ ಕೈ ಅದುಮಿದಳು. ಮುಹೂರ್ತ ಹತ್ತಿರ ಬಂತು. ಅಷ್ಟು ಜನ, ಅಷ್ಟು ಗಲಾಟೆ, ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಮಕ್ಕಳೂ ಸುಮ್ಮನಾದವು. ನೀರು ತಟ್ಟೆಯಲ್ಲಿಟ್ಟ ಹಾಗೆ ಇತ್ತು. ಆಮೇಲೆ, ಕಾಳಿ, ಮಲಗಿದ ಮಗುವಿನ ರೆಪ್ಪೆ ಅದುರುತ್ತಲ್ಲ, ಹಾಗೆ ಒಮ್ಮೆ ಅದುರಿತು. ಕೆಳಗಿಂದ ಗುಳ್ಳೆ ಎದ್ದವು. ಜನ ‘ಉಕ್ಕಿದಳು’ ಅಂತ ಕೂಗಿದರು. ನಾನು ಕೂಗೋದು ಮರೆತು ಬಗ್ಗಿ ನೋಡಿದೆ. ಜುಲೈನಲ್ಲಿ ನಮ್ಮ ಹಿತ್ತಲಲ್ಲಿ ಮರಗಳನ್ನು ಬೇರುಸಮೇತ ಹೊತ್ತು ತಂದವಳು ಇವಳೇನಾ? ಇಷ್ಟು ಸಣ್ಣ ಉಸಿರಿನಿಂದ ಅಷ್ಟು ದೊಡ್ಡವಳಾದಳಾ?

ಆಮೇಲೆ ಮಂಜು ಹರಿಯಿತು. ಬ್ರಹ್ಮಗಿರಿ ತುದಿಗೂ ಹತ್ತಿದೆವು. ಗುಡ್ಡದ ಹಿಂದೆ ಗುಡ್ಡ. ಪಡುವಣ ಅಂಚಿಗೆ ಒಂದು ಬೆಳ್ಳಿ ಗೆರೆ. ಬೋಜಮ್ಮ ಅದು ಸಮುದ್ರ ಅಂದಳು. ಮೋಡ ಇರಬೇಕು ಅಂದೆ. ಆದರೂ ಇಳಿಯೋವರೆಗೂ ಅದನ್ನೇ ನೋಡ್ತಿದ್ದೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ನಿನ್ನ ಕಾಗದಗಳನ್ನು ಭಾನುವಾರ ನಮ್ಮ ಜಗಲಿಯಲ್ಲಿ ಓದ್ತೀನಿ. ಮೊದಲು ಬೋಜಮ್ಮ ಒಬ್ಬಳೇ ಇದ್ದಳು. ಈಗ ಸಿದ್ದಾಪುರದ ಲೈನ್‌ಮನೆಯಿಂದಲೂ ಹೆಂಗಸರು ಬರ್ತಾರೆ. ನಡೆಯೋ ಹಕ್ಕಿಯದನ್ನು ನಾಲ್ಕು ಸಲ ಓದಿಸಿದರು. ಗವಿ ಆಕಾಶದ್ದು ಓದಿದ ದಿನ ಯಾರೂ ಬೇಗ ಏಳಲಿಲ್ಲ. ನಿಮ್ಮ ಭಾವ ಒಳಗೆ ಕೂತು ಕೇಳ್ತಾರೆ, ಕೇಳದವರ ಹಾಗೆ.

ಬೇಗ ಬರಿ. ಮುಂದಿನ ಭಾನುವಾರಕ್ಕೆ ಓದೋಕೆ ಏನೂ ಇಲ್ಲ.

ಅಕ್ಕ


ನೆಲ್ಯಹುದಿಕೇರಿ
೯ ಜನವರಿ ೧೯೫೩

ಕಾಳಿ,

ಹುತ್ತರಿ ಹಬ್ಬ ಆಯ್ತು, ಸಂಕ್ರಾಂತಿ ಹತ್ತಿರ ಬಂತು. ನಿನ್ನ ಕಾಗದ ಇಲ್ಲ.

ನಾನು ಬರೆದದ್ದರಲ್ಲಿ ಏನಾದರೂ ನೋಯಿಸಿತಾ? ನಂಬಲಿಲ್ಲ ಅಂತ ಕೋಪಾನಾ? ಕಪ್ಪು ಹಂಸ ಇದೆ. ನೆಲ ಕುದಿಯುತ್ತೆ. ಎಲ್ಲಾ ನಂಬ್ತೀನಿ.

ಊರಲ್ಲಿ ಜನ ಏನೇನೋ ಅಂತಾರೆ. ಕಾಳಮ್ಮ ಅಲ್ಲೇ ಯಾರನ್ನೋ ಕಟ್ಟಿಕೊಂಡಳು, ಅಕ್ಕನನ್ನು ಮರೆತಳು ಅಂತ. ಇದನ್ನು ನಿನಗೆ ತಿಳಿಸಬಾರದು ಅಂತಿದ್ದೆ. ಈಗ ಹೇಳ್ತೀನಿ ಕೇಳು: ಅದು ನಿಜವಾದರೂ ನನಗೆ ಬೇಸರ ಇಲ್ಲ. ಕಟ್ಟಿಕೊಂಡು ಸುಖವಾಗಿದ್ದರೆ ಇರು. ಬದುಕಿದ್ದೀನಿ ಅಂತ ಒಂದು ಸಾಲು ಹಾಕು.

ಅಕ್ಕ


ರೊಟೊರುವಾ ಹತ್ತಿರ
೨ ಫೆಬ್ರವರಿ ೧೯೫೩

ಅಕ್ಕಾ,

ನಿನ್ನ ಎರಡು ಕಾಗದವೂ ನನ್ನ ದಿಂಬಿನ ಕೆಳಗಿವೆ. ಬದುಕಿದ್ದೀನಿ. ಯಾರನ್ನೂ ಕಟ್ಟಿಕೊಂಡಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಎಮಿಲಿಯನ್ನು ಕೆಸರಿನ ಹೊಂಡಗಳ ಕಡೆ ಕರೆದುಕೊಂಡು ಹೋಗಿದ್ದೆ. ಗಾಳಿಗೆ ಅವಳ ಟೋಪಿ ಹಾರಿ ಹಗ್ಗ ಕಟ್ಟಿದ ಆಚೆ ಬಿತ್ತು. ನಾನು ಕೈ ಚಾಚೋದರೊಳಗೆ ಮಗು ಹಗ್ಗದ ಕೆಳಗೆ ನುಗ್ಗಿತು. ಅಲ್ಲಿ ನೆಲ ಗಟ್ಟಿಯಾಗಿ ಕಾಣುತ್ತೆ, ಹಾಲಿನ ಕೆನೆ ಇದ್ದ ಹಾಗೆ ಅಷ್ಟೆ. ಓಡಿಹೋಗಿ ಅವಳನ್ನು ಎತ್ತಿ ಹಿಂದಕ್ಕೆ ಎಸೆದೆ. ನನ್ನ ಭಾರಕ್ಕೆ ನೆಲ ಒಡೆಯಿತು. ಬಲಗಾಲು ಹರಡಿನವರೆಗೆ ಒಳಗೆ ಹೋಯ್ತು.

ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆ. ಕಾಲಿನ ಎರಡು ಬೆರಳು ತೆಗೆದರು. ಈಗ ಕೋಲು ಹಿಡಿದು ನಡೀತೀನಿ, ಕುಂಟುತ್ತೀನಿ. ಎಮಿಲಿಗೆ ಒಂದು ಗೀರೂ ಆಗಲಿಲ್ಲ. ದೊರೆಸಾನಿ ನಿನಗೆ ತಿಳಿಸ್ತೀನಿ ಅಂದರು, ನಾನೇ ತಡೆದೆ. ‘ಆವತ್ತೇ ಹೇಳಿರಲಿಲ್ವಾ’ ಅಂತ ನೀನು ಅಂದರೆ ಅದನ್ನು ತಡೆದುಕೊಳ್ಳೋ ಶಕ್ತಿ ಆಗ ಇರಲಿಲ್ಲ. ಇನ್ನೊಂದು ಹೆದರಿಕೆ: ಇಷ್ಟು ದಿನ ನಾನು ಬೆರಗಿನಿಂದ ಬರೆದದ್ದೆಲ್ಲ ನಿನಗೆ ಶಾಪದ ಹಾಗೆ ಕಂಡೀತು ಅಂತ.

ಕೋಲು ಹಿಡಿದು ನಡೆಯೋ ಹಾಗಾದ ಮೇಲೆ ನಾನು ಮೊದಲು ಹೋದದ್ದು ಅಲ್ಲಿಗೇ. ಹಗ್ಗದ ಈಚೆ ನಿಂತು ನೋಡಿದೆ. ಹಾಗೇ ಕುದೀತಿತ್ತು. ಅದಕ್ಕೆ ನನ್ನ ಮೇಲೆ ಕೋಪವೂ ಇಲ್ಲ, ಕರುಣೆಯೂ ಇಲ್ಲ. ನನಗೂ ಅದರ ಮೇಲೆ ಕೋಪ ಬರಲಿಲ್ಲ ಅಕ್ಕಾ. ಮೊದಲ ದಿನ ಕಂಡಷ್ಟೇ ದೊಡ್ಡದಾಗಿ ಕಂಡಿತು.

ಆಸ್ಪತ್ರೆಗೆ ಹೇನಿ ವಾರ ವಾರ ಬರ್ತಿದ್ದಳು. ‘ನಿನ್ನ ದೊರೆಗಳ ಮನೇಲಿ ಆಯಾ ಕೆಲಸ ಮಾಡಿದ್ದು ಸಾಕು, ನನ್ನ ಜೊತೆ ಇರು, ಮನೆ ಇಬ್ಬರೂ ನಡೆಸೋಣ’ ಅಂದಳು. ದೊರೆಗಳೂ ಕಾಗದಪತ್ರ ಮಾಡಿಸ್ತೀನಿ ಅಂದರು. ನಾನು ಹೂಂ ಅನ್ನೋದರಲ್ಲಿದ್ದೆ. ಕುಂಟಿಕೊಂಡು ಊರಿಗೆ ಬಂದು ನಿನಗೆ ಭಾರವಾಗೋದು ಯಾಕೆ ಅಂತ.

ಅಷ್ಟರಲ್ಲಿ ನಿನ್ನ ತಲಕಾವೇರಿ ಕಾಗದ ಹೇನಿಗೆ ಓದಿದೆ. ಒಂದೊಂದು ಸಾಲನ್ನೂ ತಡವರಿಸುತ್ತಾ ಇಂಗ್ಲಿಷಿಗೆ ತಿರುಗಿಸಿದೆ. ಮಗುವಿನ ರೆಪ್ಪೆ ಅನ್ನೋ ಸಾಲಿಗೆ ಬಂದಾಗ ಅವಳು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟು ‘ನಿನ್ನ ಅಕ್ಕ ಹೋಗಿ ನೋಡಿದಳು. ನೀನು ಇನ್ನೂ ನೋಡಿಲ್ಲ’ ಅಂದಳು. ನಾನು ಕಾಲು ತೋರಿಸಿದೆ. ಅವಳು ‘ಒಂದು ದಿನದ ದಾರಿಗೆ ನೀನು ಎರಡು ದಿನ ತಗೋ. ಹೋಗು’ ಅಂದಳು. ಹಣೆಗೆ ಹಣೆ ಇಟ್ಟಳು. ಇಬ್ಬರ ಕಣ್ಣೀರೂ ಒಂದೇ ಕಡೆ ಇಳಿಯಿತು.

ಏಪ್ರಿಲ್ ಹಡಗಿಗೆ ಹೊರಡ್ತೀನಿ. ಕೊಲಂಬೊದಲ್ಲಿ ಇಳಿದು ರೈಲು, ಆಮೇಲೆ ಸಣ್ಣ ಹಡಗಿನಲ್ಲಿ ಧನುಷ್ಕೋಡಿ. ಅಲ್ಲಿಂದ ಹೇಗಾದರೂ ಬರ್ತೀನಿ. ಎಮಿಲಿಗೆ ಇನ್ನೂ ಹೇಳಿಲ್ಲ.

ಕಾಳಿ


ನೆಲ್ಯಹುದಿಕೇರಿ
೧ ಮಾರ್ಚ್ ೧೯೫೩

ಕಾಳಿ,

ನಿನ್ನ ಕಾಗದವನ್ನು ಈ ಸಲ ಜಗಲಿಯಲ್ಲಿ ಓದಲಿಲ್ಲ. ಹೊಳೆ ದಂಡೆಗೆ ಹೋಗಿ ಒಬ್ಬಳೇ ಓದಿದೆ.

‘ಹೇಳಿರಲಿಲ್ವಾ’ ಅಂತ ನಾನು ಅನ್ನೋದಿಲ್ಲ. ನಿನ್ನ ಕಾಲಿಗೆ ಏನಾಯ್ತು ಅಂತ ಕೇಳಿದವರಿಗೆ, ಒಂದು ಮಗುವನ್ನು ಉಳಿಸೋಕೆ ಹೋಗಿ ಹೀಗಾಯ್ತು ಅಂತೀನಿ. ಭಾರ ಗೀರ ಅಂತ ಇನ್ನೊಂದು ಸಲ ಬರೆದರೆ ಆ ಕಾಗದ ಹರಿದು ಹೊಳೆಗೆ ಹಾಕ್ತೀನಿ.

‘ಹೇಗಾದರೂ ಬರ್ತೀನಿ’ ಅಂದರೆ ಏನರ್ಥ? ಕೋಲು ಹಿಡಿದವಳು, ತಮಿಳು ಬಾರದವಳು. ಕುಶಾಲನಗರದ ಸಿದ್ದಣ್ಣನವರು ಮೇ ತಿಂಗಳಲ್ಲಿ ರಾಮೇಶ್ವರಕ್ಕೆ ಯಾತ್ರೆಗೆ ಜನ ಕರೆದುಕೊಂಡು ಹೋಗ್ತಾರೆ. ಧನುಷ್ಕೋಡಿ ಅಲ್ಲೇ ಹತ್ತಿರವಂತೆ. ನಾನೂ ಬರ್ತೀನಿ ಅಂತ ಹೇಳಿದೆ. ನಿಮ್ಮ ಭಾವ ‘ಮಡಿಕೇರಿಗೆ ಹೋಗೋಕೆ ಮೂರು ದಿನ ಯೋಚಿಸೋಳು’ ಅಂತ ಬೆರಗಾಗಿ ನೋಡಿದರು. ಆಮೇಲೆ ತಾವೇ ಹೋಗಿ ನನಗೊಂದು ಟ್ರಂಕು ತಂದರು.

ರಾಮೇಶ್ವರದಲ್ಲಿ ಮೈಸೂರಿನವರ ಛತ್ರದ ವಿಳಾಸಕ್ಕೆ ಬರಿ, ಸಿದ್ದಣ್ಣನವರ ಹೆಸರಿಗೆ. ಯಾವ ದಿನದ ಹಡಗು ಅಂತ ತಿಳಿಸು. ನಾನು ದಡದಲ್ಲಿರ್ತೀನಿ.

ಅಕ್ಕ


ಕೊಲಂಬೊ
೧೦ ಮೇ ೧೯೫೩

ಅಕ್ಕಾ,

ತಲುಪಿದೆ. ಶುಕ್ರವಾರ ಧನುಷ್ಕೋಡಿಗೆ ಬರ್ತೀನಿ.

ಹೊರಡೋ ದಿನ ಎಮಿಲಿ ಅಳಲಿಲ್ಲ. ಅದೇ ನನಗೆ ತಡೆಯಲಿಕ್ಕಾಗಲಿಲ್ಲ. ಬಂದರಿನಲ್ಲಿ ಅವರಮ್ಮನ ಕೈ ಬಿಡಿಸಿಕೊಂಡು ಬಂದು, ಬಗ್ಗಿ, ನನ್ನ ಕೆಟ್ಟ ಕಾಲಿನ ಮೇಲೆ ಕೈ ಇಟ್ಟು ‘ನೋಯುತ್ತಾ?’ ಅಂತ ಕನ್ನಡದಲ್ಲಿ ಕೇಳಿದಳು. ಇಲ್ಲ ಅಂದೆ.

ಇಷ್ಟು ಸಮುದ್ರ ದಾಟುವಾಗ ಹೆದರಿಕೆ ಇರಲಿಲ್ಲ, ಈಗ ಸಣ್ಣ ನೀರು ದಾಟೋಕೆ ಎದೆ ಹೊಡೆದುಕೊಳ್ಳುತ್ತೆ. ಹೋಗುವಾಗ ನಿನಗೆ ಗೊತ್ತಿದ್ದ ಕಾಳಿ ಅಲ್ಲ ಬರ್ತಿರೋದು. ಕೂದಲು ನರೆತಿದೆ. ನನ್ನ ಗುರುತು ಸಿಗದಿದ್ದರೆ ಹೆಸರು ಹಿಡಿದು ಕರಿ, ನಾನು ಬರ್ತೀನಿ.

ಕಾಳಿ


ಧನುಷ್ಕೋಡಿ
೧೨ ಮೇ ೧೯೫೩

ಕಾಳಿ,

ಇವತ್ತಿನ ಹಡಗಿಗೆ ಹಾಕಿದರೆ ನಾಳೆ ನಾಳಿದ್ದರಲ್ಲಿ ನಿನಗೆ ಸಿಗುತ್ತೆ ಅಂತ ಇಲ್ಲಿನ ಪೋಸ್ಟಿನವರು ಅಂದರು. ಅದಕ್ಕೇ ಮರಳಿನ ಮೇಲೆ ಕೂತು ಬರೀತಿದ್ದೀನಿ. ಕಾಗದ ಹಾರಿ ಹೋಗದ ಹಾಗೆ ಸಿದ್ದಣ್ಣನವರು ಒಂದು ಮೂಲೆ ಹಿಡಿದುಕೊಂಡಿದ್ದಾರೆ.

ಸಮುದ್ರ ನೋಡಿದೆ.

ಬ್ರಹ್ಮಗಿರಿಯಿಂದ ಕಂಡ ಬೆಳ್ಳಿ ಗೆರೆ ಮೋಡ ಅಲ್ಲ ಅಂತ ಈಗ ಗೊತ್ತಾಯ್ತು. ರೈಲು ಸಮುದ್ರದ ಮೇಲಿನ ಸೇತುವೆ ದಾಟುವಾಗ ಎಲ್ಲರೂ ರಾಮನಾಮ ಹೇಳ್ತಿದ್ದರು. ನಾನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ. ದೇವರ ದರ್ಶನ ಆಯ್ತು, ಬಾವಿಗಳ ಸ್ನಾನ ಆಯ್ತು. ಆದರೆ ಇಲ್ಲಿ, ಈ ಮರಳಿನ ತುದಿಯಲ್ಲಿ, ನನಗೆ ಕೂತಲ್ಲಿಂದ ಏಳೋಕೇ ಆಗ್ತಿಲ್ಲ. ಎಡಗಡೆ ನೀರು ಕೆರೆಯ ಹಾಗೆ ಮಲಗಿದೆ. ಬಲಗಡೆ ಎದ್ದು ಎದ್ದು ಬೀಳ್ತಿದೆ. ನಡುವೆ ಒಂದು ಕೂಗಳತೆಯಷ್ಟು ಮರಳು. ಎರಡೂ ಬೇರೆ ಬೇರೆ ಸಮುದ್ರವಂತೆ. ತುದಿಯಲ್ಲಿ ಸೇರೋ ಕಡೆ ಗೆರೆ ಕಾಣುತ್ತೆ, ಒಂದು ಬಣ್ಣ ಇನ್ನೊಂದರೊಳಗೆ ಹೋಗೋದು. ನಾನು ಎರಡೂ ಕಡೆ ಕೈ ಅದ್ದಿ ಬಾಯಿಗಿಟ್ಟು ನೋಡಿದೆ. ಎರಡೂ ಉಪ್ಪೇ. ನಕ್ಕುಬಿಟ್ಟೆ.

ಬಲೆ ಒಣಗಿಸ್ತಿದ್ದ ಒಬ್ಬಳನ್ನು ಆಚೆ ಏನಿದೆ ಅಂತ ಕೈಸನ್ನೆಯಲ್ಲಿ ಕೇಳಿದೆ. ಸಿಲೋನ್ ಅಂದಳು. ಅದರಾಚೆ? ಭುಜ ಕುಣಿಸಿದಳು. ನನಗೆ ಗೊತ್ತಿತ್ತು, ಅದರಾಚೆ ಏನೇನಿದೆ ಅಂತ ಒಂದೊಂದೂ ಗೊತ್ತಿತ್ತು. ಅವಳಿಗೆ ಹೇಳೋಕೆ ಭಾಷೆ ಇರಲಿಲ್ಲ.

ನಿಮ್ಮ ಭಾವನಿಗೆ ಹದಿನೈದು ದಿನ ಅಂತ ಹೇಳಿ ಬಂದಿದ್ದೆ. ನಿನ್ನೆ ಕಾರ್ಡ್ ಹಾಕಿದೆ, ಇನ್ನೂ ತಡವಾಗುತ್ತೆ ಅಂತ. ಕನ್ಯಾಕುಮಾರಿಯಲ್ಲಿ ಮೂರು ಸಮುದ್ರ ಸೇರುತ್ತವಂತೆ. ಸಿದ್ದಣ್ಣನವರ ಗುಂಪು ಮುಂದೆ ಅಲ್ಲಿಗೇ ಹೋಗೋದು. ನಿನಗೆ ಸುಸ್ತಾಗಿದ್ದರೆ ಬೇಡ. ಇಲ್ಲದಿದ್ದರೆ ಹೋಗೋಣ, ನೀನು ಕೋಲು ಹಿಡಿ, ನಾನು ನಿನ್ನ ಇನ್ನೊಂದು ಕೈ ಹಿಡೀತೀನಿ.

ಶುಕ್ರವಾರ ಹಡಗಿನಿಂದ ಇಳಿಯೋಕೆ ಹಲಗೆ ಹಾಕ್ತಾರೆ. ಅದು ಬಹಳ ಅಲ್ಲಾಡುತ್ತೆ, ಇವತ್ತು ನಿಂತು ನೋಡಿದೆ. ಜನ ನೂಕ್ತಾರೆ. ಅವರೆಲ್ಲ ಇಳಿಯಲಿ, ನೀನು ಅವಸರ ಮಾಡಬೇಡ. ನಿಧಾನಕ್ಕೆ ಇಳಿ. ನಾನು ನಿಂತಿರ್ತೀನಿ.

ಅಕ್ಕ